ಸರೀರಿ ಅಂದರೆ ಸರಿ ರೀ ಅಂದರು

ನಮ್ಮ ಮನೆಯ ತಲಬಾಗಿಲ ಹಿಂದೆ ಒಂದು ಮೊಳೆ ಇದೆ. ಮೊದಲು ಅದಕ್ಕೆ ಛತ್ರಿ ಜೋತುಬಿದ್ದಿರುತ್ತಿತ್ತು. ಆಮೇಲೆ ಅಂಗಡಿಯ ಕೀಲಿಕೈ ಗೊಂಚಲು. ಈಗ ಅಲ್ಲಿ ತೂಗುತ್ತಿರುವುದು ನಾಯಿಯ ಹಗ್ಗ. ಹಗ್ಗವೆಂದರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹಳೆಯ ಇಳಕಲ್ ಸೀರೆಯ ಕೆಂಪಂಚನ್ನು ಮೂರೆಳೆ ಮಾಡಿ, ಜಡೆ ಹೆಣೆದ ಹಾಗೆ ಹೆಣೆದು ನಾನೇ ಮಾಡಿದ್ದು. ನಾಯಿ ಸಾಮಾನಿನ ಅಂಗಡಿಗೂ ಹೋಗಿದ್ದೆ, ಇಲ್ಲವೆನ್ನುವುದಿಲ್ಲ. ಅಂಗಡಿಯವ ಹೇಳಿದ ಬೆಲೆ ಕೇಳಿ ನಾನು ನಕ್ಕೆ, ನಾನು ಕೇಳಿದ ಬೆಲೆ ಕೇಳಿ ಅವನು ನಕ್ಕ. ಇಬ್ಬರೂ ನಕ್ಕ ಮೇಲೆ ವ್ಯಾಪಾರ ಕುದುರಲೇಬೇಕು ಎನ್ನುವುದು ನಮ್ಮ ಕಸುಬಿನ ನಂಬಿಕೆ. ಅವತ್ತು ಕುದುರಲಿಲ್ಲ. ಮನೆಗೆ ಬಂದು ಟ್ರಂಕು ತೆಗೆದೆ.

ನಾನು ಸೀರೆ ವ್ಯಾಪಾರದವಳು. ಹುಬ್ಬಳ್ಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಗಂಟು ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗಿದವಳು, ಈಗ ನೆರಳಿನಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಡಿಸುತ್ತೇನೆ. ಗಿರಾಕಿ ಸೀರೆಯ ಸೆರಗು ಮುಟ್ಟಿದ ರೀತಿಯಲ್ಲೇ ಕೊಳ್ಳುತ್ತಾಳೋ ಬರೀ ಹೊತ್ತು ಕಳೆಯಲು ಬಂದಿದ್ದಾಳೋ ಹೇಳಬಲ್ಲೆ. ಹೇಳುವುದು ನನ್ನ ಚಟ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೆ ಇನ್ನೂ ಚೆನ್ನಾಗಿ ಹೇಳುತ್ತೇನೆ. ಈಗ ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ: ನಾಯಿ ಸಾಕುವುದಾದರೆ ಮುಧೋಳದ ನಾಯಿ ಸಾಕಬೇಡಿ. ಸಾಕಿದರೆ ಓಡಲು ಕಲಿಯಿರಿ.

ನನಗೆ ಯಾರೂ ಈ ಬುದ್ಧಿ ಹೇಳಿರಲಿಲ್ಲ. ಮುಧೋಳದ ಕಡೆಯ ಹಳೆಯ ಗಿರಾಕಿ ಒಬ್ಬಳು, ಮಗಳ ಮದುವೆಯ ಜವಳಿಯನ್ನು ನಮ್ಮಲ್ಲೇ ತೆಗೆದ ಖುಷಿಗೆ, ಒಂದು ಬುಟ್ಟಿಯಲ್ಲಿ ಮರಿ ತಂದು ಕೌಂಟರಿನ ಮೇಲೆ ಇಟ್ಟು ಹೋದಳು. ಎಲುಬಿಗೆ ತೊಗಲು ಸುತ್ತಿದಂಥ ಮರಿ, ಸೂಜಿಯಂಥ ಮೂತಿ. ಕಣ್ಣಿನಲ್ಲಿ ಮಾತ್ರ ಯಾವುದೋ ಸಂಸ್ಥಾನದ ದಿವಾನರ ಗತ್ತು. ನಮ್ಮವರು ನೋಡಿ, "ಭಾಳ ಶಾಣ್ಯಾ ಕಾಣಿಸ್ತೈತಿ" ಅಂದರು. ಜಾಣ ಎಂಬರ್ಥದ ಆ ಮಾತೇ ಹೆಸರಾಯಿತು, ಶಾಣ್ಯಾ. ನಾಲ್ಕು ತಿಂಗಳಿಗೆ ಶಾಣ್ಯಾ ನಮ್ಮವರ ಚಪ್ಪಲಿ, ಕನ್ನಡಕದ ಡಬ್ಬಿ, ಸೋಫಾದ ಒಂದು ತೋಳು ತಿಂದು ಮುಗಿಸಿತು. ನಮ್ಮವರು ಕಚೇರಿಯಿಂದ ನಿವೃತ್ತರಾದವರು. ಇಟ್ಟ ವಸ್ತು ಇಟ್ಟಲ್ಲಿಯೇ ಇರಬೇಕು ಎನ್ನುವ ಒಂದೇ ಧರ್ಮದವರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಆದರೆ ದಿನವಿಡೀ ಅಂಗಡಿಯಲ್ಲಿ ಮಾತಾಡಿ ಮಾತಾಡಿ ಗಂಟಲು ಒಣಗಿಸಿಕೊಂಡು ಮನೆಗೆ ಬಂದಾಗ, ಶಾಣ್ಯಾ ಬಂದು ತನ್ನ ಸಪೂರ ಮೂತಿಯನ್ನು ನನ್ನ ಮಡಿಲಲ್ಲಿಟ್ಟು ಕಣ್ಣು ಮುಚ್ಚುತ್ತಿತ್ತಲ್ಲ, ಆಗ ಅನ್ನಿಸುತ್ತಿತ್ತು: ನನ್ನ ಜನ್ಮದಲ್ಲಿ ಚೌಕಾಸಿ ಮಾಡದೆ ನನ್ನನ್ನು ಒಪ್ಪಿಕೊಂಡ ಜೀವ ಇದೊಂದೇ.

ಔಷಧಿ ಒಂದೇ ಇತ್ತು. ಮುಂಜಾನೆ ಅದನ್ನು ದಣಿಯುವ ತನಕ ನಡೆಸಬೇಕು. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಅದಾಗುವ ಮಾತಲ್ಲ. ಬೀದಿನಾಯಿಗಳು ಸರಹದ್ದು ಹಂಚಿಕೊಂಡು ಕೂತಿರುತ್ತವೆ, ಒಂದೊಂದು ಮೂಲೆಗೂ ಒಂದೊಂದು ಜಗಳ. ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ ಒಂದು ಬೇವಿನ ಮರ ಇದೆ. ಅದರ ಬುಡದಿಂದ ಒಂದು ಕಾಲುಹಾದಿ ಎರೆಹೊಲಗಳ ನಡುವೆ ಹಾಯ್ದು ದೂರದ ಗುಡ್ಡದ ತನಕ ಹೋಗುತ್ತದೆ. ಹಾದಿ ಎಂದರೆ ಬದುವಿನ ಮೇಲಿನ ಸವಕಲು ಗೆರೆ, ಅಷ್ಟೇ. ಎರಡು ಕಾಲು ಅಕ್ಕಪಕ್ಕ ಇಟ್ಟರೆ ಮೂರನೆಯದಕ್ಕೆ ಜಾಗವಿಲ್ಲ. ಚಳಿಗಾಲದಲ್ಲಿ ಒಂದು ಬದಿಗೆ ಆಳೆತ್ತರದ ಬಿಳಿಜೋಳ, ಇನ್ನೊಂದು ಬದಿಗೆ ಮೊಣಕಾಲೆತ್ತರದ ಕಡಲೆ. ನಡುವೆ ಒಂದು ಕಡೆ ಹಾದಿ ಜೋಳದ ಮೈಗೆ ಅಂಟಿಕೊಂಡು ಗಕ್ಕನೆ ತಿರುಗುತ್ತದೆ. ಅಲ್ಲಿ ಎದುರಿಗೆ ಯಾರು ಬಂದರೂ ಮೂಗಿಗೆ ಮೂಗು ತಾಗುವ ತನಕ ಗೊತ್ತಾಗುವುದಿಲ್ಲ.

ಇಂಥ ಹಾದಿ ನನಗೆ ಹೊಸತಲ್ಲ. ನನ್ನ ತವರು ಹೆಬ್ಬಳ್ಳಿ. ಚಿಕ್ಕವಳಿದ್ದಾಗ ಅವ್ವನ ಹಿಂದೆ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದೆ. ಅವ್ವನ ತಲೆಯ ಮೇಲೆ ಬುತ್ತಿಗಂಟು, ನನ್ನ ಕೈಯಲ್ಲಿ ಮಜ್ಜಿಗೆಯ ತಂಬಿಗೆ. ಮಜ್ಜಿಗೆ ಚೆಲ್ಲಬಾರದು ಎಂದು ನಾನು ತಂಬಿಗೆಯನ್ನೇ ನೋಡುತ್ತ ನಡೆದು ಎಷ್ಟೋ ಸಲ ಬದುವಿನಿಂದ ಜಾರಿದ್ದುಂಟು. ಮಜ್ಜಿಗೆಯೂ ಹೋಗಿ ಲಂಗವೂ ಕೆಸರಾಗಿ ಬೆನ್ನಿಗೆ ಎರಡು ಬಿದ್ದದ್ದೂ ಉಂಟು. ಅಲ್ಲಿ ಒಂದು ರಿವಾಜು ಇತ್ತು, ಯಾರೂ ಹೇಳಿಕೊಟ್ಟದ್ದಲ್ಲ. ಬದುವಿನ ಮೇಲೆ ಇಬ್ಬರು ಎದುರಾದರೆ ತಲೆಯ ಮೇಲೆ ಭಾರ ಇದ್ದವರಿಗೆ ಹಾದಿ. ಬರಿಗೈಯವರು ಕೆಳಗಿಳಿದು ನಿಲ್ಲಬೇಕು. ಊರಿನ ದೊಡ್ಡ ಕುಳವೇ ಬರಲಿ, ಹುಲ್ಲಿನ ಹೊರೆ ಹೊತ್ತ ಮುದುಕಿಗೆ ಅವನು ಇಳಿದು ಹಾದಿ ಕೊಡುತ್ತಿದ್ದ. ಇಳಿಯುವುದು ಸುಲಭವಿದ್ದವರು ಇಳಿಯಬೇಕು, ಲೆಕ್ಕ ಅಷ್ಟೇ.

ಈ ಲೆಕ್ಕ ಸೈಕಲ್ಲಿನವರು ಬಂದ ಮೇಲೆ ಕೆಟ್ಟಿತು.

ಸೈಕಲ್ಲು ಎಂದರೆ ನೀವು ನಾನು ಕಂಡ ಸೈಕಲ್ಲಲ್ಲ. ನಮ್ಮ ಸೋದರಮಾವ ಧಾರವಾಡದ ಮಾಳಮಡ್ಡಿಯಲ್ಲಿದ್ದರು. ರಜೆಗೆ ಅಲ್ಲಿಗೆ ಹೋದಾಗ ನಾನು ಬಾಡಿಗೆ ಸೈಕಲ್ಲು ಹಿಡಿದು, ತ್ರಿಕೋನದ ಒಳಗೆ ಕಾಲು ತೂರಿಸಿ, ಒಂದು ಬದಿಗೆ ಡೊಂಕಾಗಿ ತುಳಿಯುವುದನ್ನು ಕಲಿತೆ. ಬ್ರೇಕು ಹಿಡಿಯುವುದಕ್ಕಿಂತ ಮೊದಲು ಬೆಲ್ಲು ಬಾರಿಸುವುದನ್ನು ಕಲಿತೆ. ಮಾಳಮಡ್ಡಿಯ ಜನ ಎಷ್ಟು ಸಭ್ಯರೆಂದರೆ, ನಾನು ಒಬ್ಬರ ಕಂಪೌಂಡಿಗೆ ಹೋಗಿ ಗುದ್ದಿದರೆ, ಒಳಗಿನಿಂದ ಅಜ್ಜಿ ಬಂದು, "ಯಾರ ಪೈಕಿವಾ ನೀನು? ಚಹಾ ಕುಡದ ಹೋಗು" ಅಂದಿದ್ದರು. ಆ ಸೈಕಲ್ಲಿಗೆ ಬೆಲ್ಲಿತ್ತು, ಮಡ್‌ಗಾರ್ಡ್ ಇತ್ತು, ಕ್ಯಾರಿಯರ್ ಇತ್ತು, ಸ್ಟ್ಯಾಂಡ್ ಇತ್ತು. ಈಗಿನ ಗುಡ್ಡ ಹತ್ತುವ ಸೈಕಲ್ಲಿಗೆ ಇವು ಯಾವುವೂ ಇಲ್ಲ. ಗಾಲಿ ಮಾತ್ರ ಎಮ್ಮೆಯ ಕುತ್ತಿಗೆಯಷ್ಟು ದಪ್ಪ. ಇಷ್ಟೆಲ್ಲ ಕಡಿಮೆ ಕೊಟ್ಟು ಅಷ್ಟೊಂದು ಹೆಚ್ಚು ತೆಗೆದುಕೊಳ್ಳುವ ವ್ಯಾಪಾರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ನನ್ನಿಂದ ಅಂಚಿಲ್ಲದ, ಸೆರಗಿಲ್ಲದ ಸೀರೆಯನ್ನು ದುಪ್ಪಟ್ಟು ಬೆಲೆಗೆ ಮಾರಲು ಇನ್ನೂ ಆಗಿಲ್ಲ.

ಈ ಸೈಕಲ್ಲಿನವರ ಪೈಕಿ ಮುಂದಾಳು ರೇಣುಕಾ. ಹಲ್ಲಿನ ಡಾಕ್ಟರು, ಮೂವತ್ತರ ಆಸುಪಾಸು. ದಿನವಿಡೀ ಜನರ ಬಾಯಲ್ಲಿ ಇಣುಕುವವಳಿಗೆ ಮುಂಜಾನೆ ಒಂದಿಷ್ಟು ಆಕಾಶ ಬೇಕೆನಿಸುವುದು ಸಹಜ. ಅವಳ ಜೊತೆ ಇನ್ನೂ ಒಂದಿಬ್ಬರು ಬರುತ್ತಿದ್ದರು. ನಮ್ಮ ಕಡೆ, ಅಂದರೆ ನಾಯಿಯವರ ಕಡೆ, ನಾನು ಮತ್ತು ಜೋಶಿ ಮಾಮಾ. ಮಾಮಾ ಅಂಚೆ ಇಲಾಖೆಯಿಂದ ನಿವೃತ್ತರು, ಹುಟ್ಟಾ ಧಾರವಾಡದವರು, ಈಗ ಮಗಳ ಮನೆಗೆಂದು ನಮ್ಮ ಓಣಿಗೆ ಬಂದಿದ್ದಾರೆ. ಅವರ ನಾಯಿ ಬೆಣ್ಣಿ, ಬಿಳಿಯ ಪೊಮೇರಿಯನ್, ಹತ್ತಿಯ ಉಂಡೆಗೆ ಕಣ್ಣು ಅಂಟಿಸಿದ ಹಾಗೆ. ಮಾಮಾ ಮುಂಜಾನೆ ನಡೆಯುವಾಗ ಭೈರವ ರಾಗ ಗುನುಗುತ್ತಾರೆ. ಆಲಾಪ ಶುರುವಾಯಿತೆಂದರೆ ಹಿಂದೆ ಲಾರಿ ಬಂದರೂ ಅವರಿಗೆ ಅದು ತಂಬೂರಿಯ ಶ್ರುತಿ.

ಒಂದು ಮುಂಜಾನೆ ನಾನು ಮುಂದೆ, ಮಾಮಾ ಹಿಂದೆ. ತಿರುವು ಇನ್ನೂ ಸ್ವಲ್ಪ ದೂರ. ಹಿಂದಿನಿಂದ ಹೆಣ್ಣುದನಿ ಕೇಳಿಸಿತು.

"ಸರೀರಿ! ಸರೀರಿ!"

ಕೂಡಲೇ ಮಾಮಾರ ದನಿ, ನಿಧಾನವಾಗಿ, ತಲೆಯಾಡಿಸುತ್ತ: "ಸರಿ ರೀ, ಸರಿ ರೀ."

"ಸರೀರಿ ಮಾಮಾ!"

"ಸರಿ ರೀ ಅಂದೆನಲ್ಲವಾ!"

ನಾನು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ರೇಣುಕಾ ಸೈಕಲ್ಲಿನ ಸಮೇತ ಕಡಲೆಯ ಹೊಲದಲ್ಲಿ ಮಲಗಿದ್ದಳು. ಬೆಣ್ಣಿ ಮಾಮಾರ ಎರಡೂ ಕಾಲಿಗೆ ತನ್ನ ಹಗ್ಗ ಸುತ್ತಿ ಅವರನ್ನು ಕಂಬ ಮಾಡಿತ್ತು. ಇನ್ನು ನಮ್ಮ ಶಾಣ್ಯಾ. ಓಡುವುದನ್ನು ಕಂಡರೆ ಅಟ್ಟಬೇಕೆಂಬುದು ಅದರ ರಕ್ತದಲ್ಲೇ ಬರೆದ ಶಾಸನ. ಅದು ಸೈಕಲ್ಲಿನ ಕಡೆಗೆ ಜಿಗಿಯಿತು, ಹಗ್ಗ ಗಟ್ಟಿಯಿತ್ತು, ಆದ್ದರಿಂದ ನಾನೂ ಜಿಗಿದೆ. ಇಳಕಲ್ ಅಂಚಿನ ಗಟ್ಟಿತನದ ಬಗ್ಗೆ ಗಿರಾಕಿಗಳಿಗೆ ನಾನು ಹೇಳುವುದೆಲ್ಲ ಖರೇ ಎಂಬುದು ಅವತ್ತು ನನಗೇ ರುಜುವಾತಾಯಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಪೆಟ್ಟಾಗದಿದ್ದರೆ ಜಗಳಕ್ಕೆ ಶಕ್ತಿ ಉಳಿದಿರುತ್ತದೆ ನೋಡಿ.

"ಮಾಮಾ, ಅಷ್ಟ ಸಲಾ ಸರೀರಿ ಸರೀರಿ ಅಂತ ಒದರಿದೆನಲ್ರಿ!" ರೇಣುಕಾ ಕೂದಲಿನಿಂದ ಕಡಲೆಯ ಎಲೆ ತೆಗೆಯುತ್ತ ಅಂದಳು.

"ನಾನೂ ಅಷ್ಟ ಸಲಾ ಸರಿ ರೀ ಸರಿ ರೀ ಅಂದೆನಲ್ಲವಾ!"

"ಅನ್ನೂದಲ್ರಿ, ಸರಿಯೂದು!"

"ಸರಿ ಅಂದ ಮ್ಯಾಲೆ ಇನ್ನೇನು ಸರಿ ಅನ್ನಬೇಕು? ನಾ ತಿಳಕೊಂಡೆ, ನೀ ಫೋನಿನ್ಯಾಗ ಯಾರ ಜೋಡಿನೋ ಮಾತಾಡ್ಲಿಕ್ಕತ್ತೀ, ಏನಕ್ಕೋ ಒಪ್ಪಿಗಿ ಕೊಡ್ಲಿಕ್ಕತ್ತೀ ಅಂತ. ಛಲೋ ಹುಡುಗಿ, ಒಪ್ಪಿದ್ದು ಛಲೋದ ಇರಬೇಕು, ನಾನೂ ಒಪ್ಪಿದೆ."

ನನಗೆ ನಗು ಬಂತು, ಆದರೆ ನಗುವ ಸ್ಥಿತಿಯಲ್ಲಿರಲಿಲ್ಲ. ಮೊಣಕಾಲೂರಿ ಜೋಳದ ದಂಟು ಹಿಡಿದುಕೊಂಡಿದ್ದೆ. ಬೇರೆ ಸೀಮೆಯವರಾಗಿದ್ದರೆ ಈ ಅಪಘಾತ ಆಗುತ್ತಿರಲಿಲ್ಲ, ಯೋಚಿಸಿ ನೋಡಿ. 'ಜರುಗಿ' ಎನ್ನುವವರಿಗೂ 'ಪಕ್ಕಕ್ಕೆ ಬನ್ನಿ' ಎನ್ನುವವರಿಗೂ ಈ ತೊಂದರೆ ಇಲ್ಲ. ಹಾದಿ ಬಿಡು ಎನ್ನುವುದಕ್ಕೂ ಆಗಲಪ್ಪಾ ಎನ್ನುವುದಕ್ಕೂ ಒಂದೇ ಸದ್ದು ಇಟ್ಟುಕೊಂಡು, ಎರಡಕ್ಕೂ ಮರ್ಯಾದೆಯ 'ರೀ' ಹಚ್ಚುವವರು ನಾವೇ. ನಮ್ಮ ಸಭ್ಯತೆಯೇ ನಮ್ಮನ್ನು ಕಡಲೆಯಲ್ಲಿ ಕೆಡವಿತು.

ಅಷ್ಟರಲ್ಲಿ ಹೊಲದ ಮಾಲೀಕರು ಬಂದರು. ಬಸನಗೌಡ್ರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮೊಬೈಲು, ಮೀಸೆಯಲ್ಲಿ ಹಿಂದಿನ ಮೂರು ತಲೆಮಾರು. ಮುರಿದ ಕಡಲೆ ಗಿಡಗಳನ್ನು ನೋಡಿದರು, ನಮ್ಮನ್ನು ನೋಡಿದರು.

"ಏನ್ರೀ, ಇದು ಹೊಲಾನೋ, ಗರಡಿ ಮನಿಯೋ?"

ಮೂವರೂ ಒಟ್ಟಿಗೆ ಮಾತಾಡಿದೆವು. ಗೌಡ್ರು ಕೈ ಎತ್ತಿದರು.

"ಇವರು ದಿನಾ ನನ್ನ ಎರಿ ಮಣ್ಣ ಗಾಲಿಗೆ ಹಚ್ಚಿಕೊಂಡು ಮನಿಗೆ ಒಯ್ಯಾಕತ್ತಾರು. ಒಂದಿನಾ ನನ್ನ ಹೊಲಾನ ಇವರ ಅಂಗಳದಾಗ ಸಿಗತೈತಿ. ನಿಮ್ಮ ನಾಯಿಗೋಳು ನನ್ನ ಬದುವಿನ ಮ್ಯಾಗ ಹೆಸರ ಬರದ ಹೋಗತಾವು. ಇಷ್ಟ ದಿನಾ ಸುಮ್ಮನಿದ್ದೆ. ಈಗ ಜಗಳಾನೂ ನನ್ನ ಕಡ್ಲಿಯಾಗ ಬಿತ್ತಾಕತ್ತೀರಿ. ಎಳ್ಳಮಾಸಿ ಮುಗದ ಮ್ಯಾಲೆ ಬೇವಿನ ಗಿಡದ ಹಂತ್ಯಾಕ ಜಾಲಿ ಮುಳ್ಳ ಹಾಕಿ ಹಾದಿ ಬಂದ್ ಮಾಡತೇನಿ. ಆತಿಲ್ಲೋ?"

ಜೋಶಿ ಮಾಮಾ ರೂಢಿಯ ಪ್ರಕಾರ "ಸರಿ ರೀ" ಎನ್ನಲು ಬಾಯಿ ತೆರೆದರು. ನಾನು ಅವರ ಕೈ ಚಿವುಟಿದೆ.

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಹೇಳಬಾರದಿತ್ತು. ಅವರು ಪೇಪರು ಮಡಚಿ ಪಕ್ಕಕ್ಕಿಟ್ಟರು. ಪೇಪರು ಮಡಚಿದರೆಂದರೆ ತೀರ್ಪು ಬರುತ್ತದೆ ಎಂದರ್ಥ.

"ನೋಡು, ಹಾದಿ ಐತಿ ಅಂತ ನಾಯಿ ಐತಿ. ಹಾದಿ ಬಂದಾತಂದ್ರ ನಾಯಿ ಮುಧೋಳಕ್ಕ. ನನ್ನ ಸಿಟ್ಟಿಗೆ ಹೇಳಾಕತ್ತಿಲ್ಲ, ನನ್ನ ಚಪ್ಪಲಿ ಪರವಾಗಿ ಹೇಳಾಕತ್ತೇನಿ."

"ಮಂದಿ ಮಕ್ಕಳ ಹಂಗ ಸಾಕ್ಯಾರ, ನೀವು ಹಿಂಗ ಅನ್ನೂದ?"

"ಮಕ್ಕಳು ಸೋಫಾ ತಿನ್ನಂಗಿಲ್ಲ."

ಶಾಣ್ಯಾ ಇಬ್ಬರ ನಡುವೆ ಕೂತು, ಮಾತಾಡಿದವರ ಕಡೆಗೆಲ್ಲ ಕಿವಿ ತಿರುಗಿಸುತ್ತಿತ್ತು. ಅದಕ್ಕೆ ತನ್ನ ಹೆಸರು ಮಾತ್ರ ತಿಳಿಯುತ್ತದೆ, ಸಾಗಹಾಕುವ ಮಾತು ತಿಳಿಯುವುದಿಲ್ಲ. ಆ ರಾತ್ರಿ ಉಣ್ಣುವಾಗ ನನ್ನ ರೊಟ್ಟಿಯಲ್ಲಿ ಅರ್ಧ ಶಾಣ್ಯಾನ ತಟ್ಟೆಗೆ ಹೋಯಿತು.

ಮರುದಿನದಿಂದ ನಾನು ವ್ಯಾಪಾರಕ್ಕೆ ಇಳಿದೆ. ಬೇವಿನ ಮರದ ಕೆಳಗೆ ಎರಡೂ ಕಡೆಯವರನ್ನು ಕೂಡಿಸಿದೆ. ಗಿರ್ಮಿಟ್ಟು, ಮಿರ್ಚಿ ಭಜಿ ನನ್ನ ಕಡೆಯಿಂದ. ಇದೂ ಒಂದು ಉಪದೇಶ, ಬರೆದಿಟ್ಟುಕೊಳ್ಳಿ: ಮಿರ್ಚಿ ಬಾಯಲ್ಲಿದ್ದಾಗ ಮನುಷ್ಯ ಜಗಳ ಆಡಲಾರ, ಹೆಚ್ಚೆಂದರೆ ನೀರು ಕೇಳುತ್ತಾನೆ. ಮೊದಲ ಕರಾರು ನನ್ನದೇ. ಸೈಕಲ್ಲಿನವರು 'ಎಡಕ್ಕ' ಎಂದು ಕೂಗಬೇಕು. ಎಲ್ಲರೂ ಒಪ್ಪಿದೆವು, ಕೈ ತೊಳೆದೆವು. ಮರುದಿನ ರೇಣುಕಾ "ಎಡಕ್ಕ!" ಎಂದಳು. ತಾನು ಎಡಕ್ಕೆ ಬರುತ್ತೇನೆ ಎಂದು ಅವಳ ಅರ್ಥ. ನಾವು ಎಡಕ್ಕೆ ಹೋಗಬೇಕು ಎಂದು ಮಾಮಾ ತಿಳಿದರು. ಇಬ್ಬರೂ ಎಡಕ್ಕೇ ಹೋದರು. ಅವಳು ಬ್ರೇಕು ಹಿಡಿದದ್ದರಿಂದ ಬೆಣ್ಣಿ ಉಳಿಯಿತು. ಇಷ್ಟು ವರ್ಷ ವ್ಯಾಪಾರ ಮಾಡಿದವಳು ಕರಾರಿನಲ್ಲಿ ಯಾರ ಎಡ ಎಂದು ಬರೆಸಲಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು.

ಎರಡನೆಯ ಕರಾರು ಬೆಲ್ಲು. ರೇಣುಕಾ ಪಾಪ, ಆ ಠೀವಿಯ ಸೈಕಲ್ಲಿಗೆ ಒಂದು ಬೆಲ್ಲು ಕಟ್ಟಿಸಿಕೊಂಡು ಬಂದಳು. ಆದರೆ ನಮ್ಮ ಶಾಣ್ಯಾಗೆ ಬೆಲ್ಲಿನ ಸದ್ದೆಂದರೆ ಓಟಕ್ಕೆ ಕೊಡುವ ಸಿಗ್ನಲ್ಲು. ಟ್ರಿಣ್ ಎಂದ ಕೂಡಲೇ ಎಲ್ಲಿಯೋ ಮೊಲ ಎದ್ದಿತೆಂದೇ ಅದರ ತೀರ್ಮಾನ. ನಾನು ಮತ್ತೆ ಜೋಳದಲ್ಲಿ.

"ಆಂಟಿ, ಬೆಲ್ ಬ್ಯಾಡ್ರಿ. ನೀವು ಮುರಕೊಂಡ್ರ ನನಗ ಹಲ್ಲ ಬಿಟ್ರ ಬ್ಯಾರೆ ಕಟ್ಟಾಕ ಬರಂಗಿಲ್ಲ" ಎಂದಳು ರೇಣುಕಾ, ನನ್ನನ್ನು ಎಬ್ಬಿಸುತ್ತ. ಹುಡುಗಿ ಒಳ್ಳೆಯವಳು. ಆಂಟಿ ಎನ್ನುವುದೊಂದು ಬಿಟ್ಟರೆ.

ಕೊನೆಗೆ ನಾನು ಗೌಡ್ರ ಮನೆಗೇ ಹೋದೆ. ಅವರ ಹೆಂಡತಿ ನನ್ನ ಗಿರಾಕಿ, ಆದ್ದರಿಂದ ಪಡಸಾಲೆಯ ತನಕ ಪ್ರವೇಶ ಸಿಕ್ಕಿತು. ನಾನು ನೇರವಾಗಿ ವಿಷಯಕ್ಕೆ ಬರಲಿಲ್ಲ, ಬರಬಾರದು. ಮೊದಲು ಕಡಲೆ ಹೇಗಿದೆ ಕೇಳಿದೆ, ಜೋಳ ಹೇಗಿದೆ ಕೇಳಿದೆ, ಹೋರಿಯ ಕೊಂಬಿನ ತನಕ ಬಂದೆ. ಗೌಡ್ರು ನಕ್ಕರು.

"ಅಕ್ಕಾರ, ನೀವು ಹೋರಿ ಕೊಳ್ಳಾಕ ಬಂದಿಲ್ಲ. ಹಾದೀ ಮಾತಿದ್ರ ಬ್ಯಾಡ. ಮುಳ್ಳ ಕಡದ ಒಟ್ಟಿ ಆಗೈತಿ. ಆದ್ರ ಮನಿಗೆ ಬಂದವರನ್ನ ಬರಿಗೈಲೆ ಕಳಸಬಾರದು. ಎಳ್ಳಮಾಸಿಗೆ ಹೊಲಕ್ಕ ಬರ್ರಿ, ಎಲ್ಲಾರನ್ನೂ ಕರಕೊಂಡು ಬರ್ರಿ, ಉಂಡು ಹೋಗ್ರಿ. ಕಡೀ ಸಲಾ ಅಂತ ತಿಳಕೋರಿ."

ಕಡೆಯ ಸಲದ ಊಟಕ್ಕೆ ಕರೆದರೂ ಊಟ ಊಟವೇ. ಎಳ್ಳು ಅಮಾವಾಸ್ಯೆಯ ದಿನ ನಾವೆಲ್ಲ ಹೋದೆವು. ನಮ್ಮವರು ಹೊಸ ಚಪ್ಪಲಿ ಹಾಕಿಕೊಂಡು, ಶಾಣ್ಯಾನಿಂದ ದೂರ ಕಾಯ್ದುಕೊಂಡು ಬಂದರು. ಜೋಳದ ನಡುವೆ ಐದು ಕಲ್ಲಿಟ್ಟು ಪೂಜೆ, ಕಂಬಳಿ ಹಾಸಿ ಊಟದ ಬುಟ್ಟಿಗಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಪೂಜೆಯಾದ ಮೇಲೆ ಚರಗ ಚೆಲ್ಲುವುದು. ಮಾಡಿದ ಅಡುಗೆಯನ್ನೆಲ್ಲ ಕಲೆಸಿ, ಒಬ್ಬರು ಅದನ್ನು ಪೈರಿನಲ್ಲಿ ಬೀರುತ್ತ ಹೋಗುತ್ತಾರೆ, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾರೆ. ಜೋಳದೊಳಗೆ ಹೊಕ್ಕ ಮೇಲೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದಿನವರು "ಚಲ್ಲಂಬ್ರಿಗೋ" ಎನ್ನಬೇಕು. ಊರಿಗೊಂದು ಥರ ಹೇಳುತ್ತಾರೆ, ಅರ್ಥ ಮಾತ್ರ ಯಾವ ಊರಿನಲ್ಲೂ ಯಾರಿಗೂ ಗೊತ್ತಿಲ್ಲ. ಹೆಬ್ಬಳ್ಳಿಯಲ್ಲಿ ಅಪ್ಪ ಕೂಗುತ್ತಿದ್ದರೆ ನಾನು ಉತ್ತರ ಕೊಡಲು ಅಣ್ಣನ ಜೊತೆ ಜಗಳಾಡುತ್ತಿದ್ದೆ.

ಗೌಡ್ರು ಜೋಳದೊಳಗಿನಿಂದ ಕೂಗಿದರು. "ಹುಲ್ಲುಲ್ಲಿಗೋ…"

"ಚಲ್ಲಂಬ್ರಿಗೋ!" ಎಂದೆವು ನಾವು. ನಮ್ಮ ದನಿಯ ಹಿಂದೆಯೇ ಇನ್ನೊಂದು ದನಿ ಬಂತು, ತಿರುವಿನ ಆಚೆಯಿಂದ. ದವಾಖಾನೆ ಮುಗಿಸಿ ತಡವಾಗಿ ಬರುತ್ತಿದ್ದ ರೇಣುಕಾ. ಸೈಕಲ್ಲಿನ ಮೇಲಿನಿಂದಲೇ ಖುಷಿಗೆ ಕೂಗಿದ್ದಳು. ಹಾದಿಯ ನಡುವೆ ನಿಂತಿದ್ದ ಮಾಮಾ, "ಓಹೋ, ಡಾಕ್ಟರ್ ಬಾಯಿ ಬಂದ್ರು" ಎಂದು ಬೆಣ್ಣಿಯನ್ನು ಎತ್ತಿಕೊಂಡು ತಾವಾಗಿಯೇ ಬದಿಗೆ ನಿಂತರು. ಇತ್ತ ಜನ ಇದ್ದಾರೆಂದು ತಿಳಿದು ಅವಳು ಇಳಿದು, ಸೈಕಲ್ಲು ತಳ್ಳಿಕೊಂಡು ತಿರುವು ದಾಟಿದಳು. ಶಾಣ್ಯಾ ಕಿವಿ ನಿಮಿರಿಸಿತು, ಅಷ್ಟೇ. ಮನುಷ್ಯರ ದನಿ ಮೊದಲೇ ಕೇಳಿತ್ತಲ್ಲ, ಮೊಲವಲ್ಲ ಎಂದು ಗೊತ್ತಾಗಿತ್ತು.

ನನ್ನ ಕೈಯಲ್ಲಿ ಹೋಳಿಗೆ ಹಾಗೇ ನಿಂತಿತು. ಇಷ್ಟು ದಿನ ನಾವು ಹುಡುಕುತ್ತಿದ್ದುದು ಒಂದು ಹುಕುಮ್ಮು. ಸರಿ, ಎಡಕ್ಕೆ ಹೋಗು, ಟ್ರಿಣ್. ಹುಕುಮ್ಮಿಗೆ ಉತ್ತರ ಬೇಕಿಲ್ಲ, ಕೇಳಿಸಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಈ ಕೂಗಿನಲ್ಲಿ ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದು. ಉತ್ತರ ಬಂತೆಂದರೆ ಆಚೆ ಜೀವ ಇದೆ, ನಿಧಾನಿಸು. ಅರ್ಥವೇ ಇಲ್ಲದ ಮಾತು, ಅಪಾರ್ಥಕ್ಕೆ ಎಡೆಯೇ ಇಲ್ಲ.

ಗೌಡ್ರು ಹೊರಬಂದ ಕೂಡಲೇ ಹೇಳಿದೆ: ತಿರುವಿನಲ್ಲಿ ಒಬ್ಬರು ಈ ಕೂಗು ಹಾಕಿ ಹಾದಿ ಕೇಳಲಿ, ಇನ್ನೊಬ್ಬರು ಉತ್ತರ ಕೂಗಿ ಹಾದಿ ಕೊಡಲಿ. ಅವರ ಹುಬ್ಬು ಮೇಲೇರಿತು.

"ಭೂಮ್ತಾಯಿಗೆ ಕೂಗೂ ಕೂಗು ಸೈಕಲ್ಲಿಗೆ ಕೂಗತೀರೇನ್ರಿ?"

"ಈ ಕೂಗು ಯಾಕ ಕೂಗತಾರ್ರಿ ಗೌಡ್ರ? ಬೆಳಿ ಛಲೋ ಇರಲಿ ಅಂತ ಹೌದಲ್ರಿ? ನಾವೂ ನಿಮ್ಮ ಕಡ್ಲಿ ಉಳೀಲಿ ಅಂತನ ಕೂಗತೇವಿ. ತಾಯಿಗೆ ವರ್ಷಕ್ಕೊಮ್ಮೆ ಕೇಳಸೂದು ದಿನಾ ಕೇಳಸಿದ್ರ ಲುಕ್ಸಾನ ಏನೈತಿ?"

ಗೌಡ್ರ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಗೌಡ್ರು ಮೀಸೆ ತಿರುವಿದರು. ಅವರೂ ವ್ಯಾಪಾರ ಬಲ್ಲವರೇ.

"ನನ್ನ ಕರಾರ ಕೇಳ್ರಿ. ಜ್ವಾಳದ ತಿರುವಿನ್ಯಾಗ ಸೈಕಲ್ಲಿನವರು ಇಳದ ದಾಟಬೇಕು. ನಾಯಿಯವರು ಹಗ್ಗ ಗಿಡ್ಡ ಹಿಡದು ಬದಿಗೆ ನಿಂದರಬೇಕು. ಕಡ್ಲಿಯಾಗ ಒಂದ ಹೆಜ್ಜಿ ಬೀಳಬಾರದು. ನಾ ನೋಡತೇನಿ. ಯಾವಾಗ ನೋಡತೇನಿ ಅಂತ ಹೇಳಂಗಿಲ್ಲ. ಒಂದ ಗಿಡಾ ಮುರೀತೋ, ಒಂದ ಜಗಳಾ ಕೇಳಿಸ್ತೋ, ಅವತ್ತ ಮುಳ್ಳ. ಅಲ್ಲೀತನಾ ಹಾದಿ ಕೊಟ್ಟೇನಿ ಅಂತ ಅಂದಿಲ್ಲ."

ನಮ್ಮವರು ಹೋಳಿಗೆ ಮುರಿಯುತ್ತ, "ಅಲ್ಲೀತನಾ ಮುಧೋಳದ ಮಾತೂ ಹಂಗ ಇರಲಿ" ಎಂದು ಸೇರಿಸಿದರು.

ಮರುದಿನ ಮುಂಜಾನೆ ಮಂಜು ಎಂದರೆ ಮಂಜು. ಹಾಲಿನಲ್ಲಿ ನಡೆದ ಹಾಗೆ. ಬೇವಿನ ಮರದ ಬುಡದಲ್ಲಿ ಜಾಲಿಯ ಮುಳ್ಳಿನ ಒಟ್ಟಲು ಮಾತ್ರ ಕಪ್ಪಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಹಾಯುವಾಗ ನಾನು ಶಾಣ್ಯಾನ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಮಾಮಾ ಅವತ್ತು ಭೈರವ ಬಿಟ್ಟಿದ್ದರು. "ಲಕ್ಷ್ಯ ಬ್ಯಾರೆ ಕಡೆ ಹೋಗ್ತದ, ಬ್ಯಾಡ" ಎಂದರು. ಪಾಪ, ಆಲಾಪವಿಲ್ಲದೆ ಅವರ ನಡಿಗೆಯೇ ಕುಂಟುತ್ತಿತ್ತು. ತಿರುವಿನ ಹತ್ತಿರ ಬಂದೆವು. ಶಾಣ್ಯಾನನ್ನು ನನ್ನ ಹೊರಮಗ್ಗುಲಿಗೆ ಎಳೆದುಕೊಂಡು, ಬದುವಿನ ತುದಿಯಲ್ಲಿ ನಿಂತೆ. ಆಚೆಯಿಂದ ಸೈಕಲ್ಲಿನ ಸರಪಳಿಯ ಸದ್ದು. ಎಷ್ಟೋ ದೊಡ್ಡ ಗಿರಾಕಿಗಳನ್ನು ಕಂಡಿದ್ದೇನೆ, ಇಷ್ಟು ಹೆದರಿರಲಿಲ್ಲ.

"ಹುಲ್ಲುಲ್ಲಿಗೋ…" ರೇಣುಕಾಳ ದನಿ ಮಂಜಿನಿಂದ ಬಂತು.

ನಾನು ಬಾಯಿ ತೆರೆದೆ. ನನ್ನ ಬಾಯಿಂದ ಸದ್ದು ಹೊರಡುವ ಮೊದಲೇ, ನನ್ನ ಪಕ್ಕದ ಜೋಳದೊಳಗಿನಿಂದ, ತುಂಬು ಗಂಡುದನಿಯಲ್ಲಿ, ಹೊಲವೆಲ್ಲ ಅದುರುವಂತೆ ಉತ್ತರ ಬಂತು:

"ಚಲ್ಲಂಬ್ರಿಗೋ!"

ಆಮೇಲೆ ಜೋಳದ ಗರಿಯಿಂದ ಇಬ್ಬನಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಜೋಶಿ ಮಾಮಾ ಬೆಣ್ಣಿಯನ್ನು ಎದೆಗವುಚಿಕೊಂಡು ಪಿಸುಗುಟ್ಟಿದರು. "ಜ್ವಾಳಾ ಮಾತಾಡ್ತೇನವಾ?"

ನಾನು ಅರೆಗಳಿಗೆಯಲ್ಲಿ ತಿಳಿದುಕೊಂಡೆ. ಹುಟ್ಟಿದಾಗಿನಿಂದ ಆ ಕೂಗಿಗೆ ಉತ್ತರ ಕೊಟ್ಟ ನಾಲಿಗೆ. ಮಾಲೀಕ ಅಡಗಿ ಕೂತಿದ್ದರೂ ನಾಲಿಗೆ ಅಡಗಿರಲಿಲ್ಲ.

"ಗೌಡ್ರ, ಹೊರಗ ಬರ್ರಿ. ಥಂಡಿ ಭಾಳ ಐತಿ."

ಜೋಳ ಅಲುಗಾಡಿತು. ಕಂಬಳಿ ಹೊದ್ದ ಗೌಡ್ರು ಮೀಸೆಯ ತುಂಬ ಇಬ್ಬನಿ ಹೊತ್ತುಕೊಂಡು ಬಂದರು. ಅತ್ತ ರೇಣುಕಾ ಸೈಕಲ್ಲು ತಳ್ಳಿಕೊಂಡು ತಿರುವು ದಾಟಿ ಬಂದು, ಅವರನ್ನು ಕಂಡು ಬಾಯಿ ತೆರೆದು ನಿಂತಳು.

"ಇಳದ್ಯೋ ಇಲ್ಲೋ ನೋಡಾಕ ಕುಂತಿದ್ದೆ" ಎಂದರು ಗೌಡ್ರು, ನೆಲ ನೋಡುತ್ತ.

"ಇಳದೇನ್ರಿ" ಎಂದಳು ರೇಣುಕಾ.

"ಕಂಡೆ."

ವ್ಯಾಪಾರದಲ್ಲಿ ಒಂದು ಗಳಿಗೆ ಇರುತ್ತದೆ. ಗಿರಾಕಿ ಇನ್ನೂ ಹ್ಞೂಂ ಅಂದಿರುವುದಿಲ್ಲ, ಆದರೆ ಕೈ ಆಗಲೇ ಸೀರೆಯನ್ನು ಮಡಚುತ್ತಿರುತ್ತದೆ. ಆಗ ತಡ ಮಾಡಬಾರದು.

"ಗೌಡ್ರ, ಕರಾರ ಏನಿತ್ತು? ಒಬ್ಬರು ಹಾದಿ ಕೇಳೂದು, ಇನ್ನೊಬ್ಬರು ಹಾದಿ ಕೊಟ್ಟೇನಿ ಅಂತ ಉತ್ತರಾ ಕೊಡೂದು. ಆಕಿ ಕೇಳಿದ್ಲು. ಕೊಟ್ಟಾವರು ಯಾರು? ನಾನಲ್ಲ, ಮಾಮಾ ಅಲ್ಲ. ಹೊಲದ ಮಾಲಕ್ರು. ಅದೂ ಎಳ್ಳಮಾಸಿ ಮರುದ್ಯಾವಸ, ಭೂಮ್ತಾಯಿ ಮುಂದ, ಒದರಿ."

ಗೌಡ್ರು ನನ್ನನ್ನು ದಿಟ್ಟಿಸಿದರು. ಮೀಸೆಯ ತುದಿ ಅದುರಿತು. ಆಮೇಲೆ ನಕ್ಕರು ನೋಡಿ, ಬೆಣ್ಣಿ ಬೆಚ್ಚಿ ಬೊಗಳಿತು.

"ಯವ್ವಾ ಅಕ್ಕಾರ, ನೀವು ಸೀರಿ ಮಾರೂದು ಬಿಟ್ಟು ಹೊಲಾ ಹಿಡಿಯಾಕ ಇಳದಿದ್ರ ನಮ್ಮ ಗತಿ ಏನಾಗತಿತ್ತೋ! ಬರ್ರಿ, ಎಲ್ಲಾರೂ ಬರ್ರಿ. ಮುಳ್ಳ ಕಡಿಯೂ ಮುಂದ ನಾ ಒಬ್ಬನ ಕಡದೇನಿ, ಎಳಿಯೂ ಮುಂದ ನೀವೆಲ್ಲಾ ಎಳೀರಿ."

ಎಳೆದೆವು. ಗೌಡ್ರು ಒಂದು ತುದಿ, ರೇಣುಕಾ ಒಂದು ತುದಿ, ನಾನು ಸೆರಗು ಸೊಂಟಕ್ಕೆ ಬಿಗಿದು ನಡುವೆ. ಮಾಮಾ ಎರಡೂ ನಾಯಿ ಹಿಡಿದು ಸಲಹೆ ಕೊಟ್ಟರು. ಜಾಲಿಯ ಒಟ್ಟಲು ಹೊಲದ ಆಚೆ ಮೂಲೆಗೆ, ಕಾಡುಹಂದಿ ನುಗ್ಗುವ ಸಂದಿಗೆ ಹೋಯಿತು. ಅಲ್ಲಿ ಅದರ ಕೆಲಸ ನಿಜವಾಗಿ ಇತ್ತು.

ಬೆವರು ಒರೆಸಿಕೊಂಡು ರೇಣುಕಾ ಸೈಕಲ್ಲು ಎತ್ತಿದಳು. ಹಿಂದಿನ ಗಾಲಿ ಚಪ್ಪಟೆ. ಎಳೆಯುವಾಗ ಉದುರಿದ ಒಂದೇ ಒಂದು ಮುಳ್ಳು, ಆ ಎಮ್ಮೆಯ ಕುತ್ತಿಗೆಯನ್ನೂ ಬಿಟ್ಟಿರಲಿಲ್ಲ. ಅವಳ ಮುಖ ನೋಡಿ ಗೌಡ್ರು ಇನ್ನೊಂದು ಸಲ ನಕ್ಕು, ಮನೆಗೆ ಬಂದು ಚಹಾ ಕುಡಿದೇ ಹೋಗಬೇಕೆಂದು ಹಟ ಹಿಡಿದರು.

ಹೊರಟೆವು, ಒಬ್ಬರ ಹಿಂದೆ ಒಬ್ಬರು. ಮಾಮಾ ಭೈರವ ಮತ್ತೆ ಎತ್ತಿಕೊಂಡರು. ರೇಣುಕಾ ಸೈಕಲ್ಲು ತಳ್ಳುತ್ತ ನನ್ನ ಮುಂದೆ. ಶಾಣ್ಯಾ ಇಷ್ಟು ದಿನ ಓಡುವ ಗಾಲಿಯನ್ನಷ್ಟೇ ಕಂಡಿತ್ತು. ಈಗ ಅದರ ಹತ್ತಿರ ಹೋಗಿ, ಮೂತಿ ಚಾಚಿ, ಗಾಲಿಯ ಮಣ್ಣನ್ನು ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ನನ್ನ ಹಗ್ಗವನ್ನು ಸಡಿಲ ಬಿಟ್ಟು, ಆ ಗಾಲಿಯ ಪಕ್ಕದಲ್ಲೇ, ಅದರದೇ ವೇಗಕ್ಕೆ, ಗೌಡ್ರ ಮನೆಯ ತನಕ ನಡೆಯಿತು.